ಸೀಬೆ ಮರದ ಕೆಳಗಿನ ನವರಂಗ

ಆರ್.ಟಿ. ನಗರ
29 ಸೆಪ್ಟೆಂಬರ್ 2025

ಹರಿಪ್ರಿಯಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಫೋನ್ ಮಾಡಿದರೆ ನೀನು ಮಾತಿನಲ್ಲೇ ನಗಿಸಿಬಿಡುತ್ತೀಯ, ಅದಕ್ಕೇ ಈ ಕಾಗದ.

ಗುರುವಾರ ಬೆಳಿಗ್ಗೆ ನಮ್ಮ ಹಿತ್ತಿಲಿಗೆ ನವರಂಗ ಬಂದಿದೆ ಎಂದು ಮೊದಲು ಹೇಳಿದ್ದು ನಿನಗೇ. ಹಿಮಾಲಯದ ತಪ್ಪಲಿನಿಂದ ಹಾರಿ ಬಂದ ಹಕ್ಕಿ, ಸೀಬೆ ಮರದ ಕೆಳಗೆ ತರಗೆಲೆ ಕೆದಕಿ ಹುಳ ಹೆಕ್ಕುತ್ತಿತ್ತು. ಅದಕ್ಕೋಸ್ಕರವೇ ಗಣೇಶನ ಹಬ್ಬ ಕಳೆದ ಮೇಲೆ ನಾನು ಅಲ್ಲಿ ಪೊರಕೆ ಆಡಿಸುವುದಿಲ್ಲ. ಒಂಬತ್ತು ವರ್ಷದಿಂದ ಅತ್ತೆಯ ಬಾಯಲ್ಲಿ ಸೋಮಾರಿ ಅನ್ನಿಸಿಕೊಂಡಿದ್ದೇನೆ. ನೀನು ನಮ್ಮ ರಸ್ತೆಯಲ್ಲೇ ಇದ್ದಾಗ, ಈ ಜಾಗ ಯಾರಿಗೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡವಳು ನೀನು.

ಶನಿವಾರ ಮೊಳದುದ್ದದ ಕ್ಯಾಮೆರಾ ಹಿಡಿದ ಹನ್ನೊಂದು ಜನ ಹಿತ್ತಿಲಲ್ಲಿದ್ದರು. ಹೇಗೆ ಬಂದರು ಅಂತ ಕೇಳಬೇಡ. ಹಕ್ಕಿ ಪೊದೆ ಸೇರಿತು. ಅದನ್ನು ಹೊರಗೆ ಕರೆಸಲು ಒಬ್ಬ ಫೋನಿನಲ್ಲಿ ನವರಂಗದ ಕೂಗು ಹಾಕಿದ. ತನ್ನ ಜಾಗಕ್ಕೆ ಇನ್ನೊಂದು ಬಂದಿದೆ ಅಂದುಕೊಂಡು ಪಾಪ, ಮತ್ತೆ ಮತ್ತೆ ಹೊರಗೆ ಬಂದು ಹುಡುಕಿತು. ಎರಡು ಗಂಟೆ ಹೊತ್ತು ಒಂದು ಹುಳವನ್ನೂ ತಿನ್ನಲಿಲ್ಲ. ಆಮೇಲೆ ಕಾಂಪೌಂಡ್ ದಾಟಿ ಹೋಯಿತು. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ.

ಪಕ್ಕದ ಮನೆಯ ಮುಜಫ್ಫರ್ ಸಾಹೇಬರು ಹಕ್ಕಿ ನೋಡುವವರ ನಿಮ್ಮ ವಾಟ್ಸಾಪ್ ಗುಂಪಿನಲ್ಲಿದ್ದಾರೆಂದು ನಿನಗೆ ಗೊತ್ತಿರಲಿಲ್ಲ. ನೀನು ಹಾಕಿದ ಮೆಸೇಜ್ ತೋರಿಸಿದರು. ನಮ್ಮ ಮನೆಯ ಲೊಕೇಶನ್, ಅದರ ಕೆಳಗೆ, ‘ನನ್ ಫ್ರೆಂಡ್ ಮನೆ, ಆರಾಮಾಗಿ ಹೋಗಿ. ಸತ್ಯವತಿ ಪಾಪ, ಏನೂ ಅನ್ನಲ್ಲ.’

ಜಾಗ ಹೇಳಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಮನೆ ಬದಲಾಯಿಸಿ ಕೋಗಿಲು ಬಡಾವಣೆಗೆ ಹೋದ ಮೇಲೆ ಸಿಕ್ಕ ಹೊಸ ಗುಂಪು, ನಾಲ್ಕು ಜನರ ಮುಂದೆ ದೊಡ್ಡವಳಾಗುವ ಆಸೆ ಯಾರಿಗಿಲ್ಲ? ಆದರೆ ನಾನು ಬಾಯಿ ಬಿಡುವವಳಲ್ಲ ಅನ್ನುವುದನ್ನೂ ಗುರುತಿಲ್ಲದವರಿಗೆ ಹಂಚಿದೆಯಲ್ಲ, ಅದು ಹೊಟ್ಟೆ ಉರಿಸುತ್ತಿದೆ.

ನಾಳಿದ್ದು ದಸರಾ ಗೊಂಬೆ ನೋಡಲು ಬರುತ್ತೇನೆ ಅಂದಿದ್ದೀಯ. ಬರಬೇಡ.

ಸತ್ಯವತಿ

ತಾ.ಕ.: ಅವರೇನೂ ಗೇಟು ಹಾರಿ ಬರಲಿಲ್ಲ. ನಮ್ಮವರು, ‘ಯಾರೋ ಏನೋ, ಒಳಗೆ ಬಿಡ್ಬೇಡ ಕಣೇ’ ಅಂದರು. ‘ಹರಿಪ್ರಿಯಾ ಮೇಡಂ ಕಳಿಸಿದ್ರು ಆಂಟಿ’ ಎಂದು ಬಂದವರು ಅಂದದ್ದಕ್ಕೆ ನಾನೇ ಚಿಲಕ ತೆಗೆದೆ. ನಿನ್ನ ಕಡೆಯವರೆಂದು ಕಾಫಿಗೆ ಇಟ್ಟೆ. ಫೋನಿನ ಕೂಗು ಅಡುಗೆಮನೆಗೆ ಕೇಳಿಸಿತು. ಆದರೂ ಹನ್ನೊಂದು ಲೋಟಕ್ಕೂ ಸಕ್ಕರೆ ಹಾಕಿ ಕಲಕುತ್ತಲೇ ಇದ್ದೆ.