ಮೇಜು ಕುಟ್ಟುವ ಮೇಷ್ಟ್ರುಗಳು

ದೊಡ್ಡಮ್ಮಾ,

ಕಾಲೇಜು ಬಿಟ್ಟ ನಾನು ಮತ್ತೆ ತರಗತಿಯಲ್ಲಿ ಕೂತೆ, ನಂಬುತ್ತೀಯಾ? ಇಲ್ಲಿ ಜರ್ಮನಿಯ ಯೇನಾ ಊರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಸೇರಿ, ಪರಸ್ಪರ ಪಾಠ ಮಾಡಿ ತಿದ್ದಿಕೊಳ್ಳುತ್ತಾರೆ. ಅತ್ತಿಗೆಯೂ ಅವರಲ್ಲೊಬ್ಬರು; ಅವರ ಸರದಿಗೆ ನಾನೇ ವಿದ್ಯಾರ್ಥಿನಿ. ಕಿಟಕಿಯಾಚೆ ಯಾವುದೋ ಮರದ ಅರಳೆ ತೇಲುತ್ತಿತ್ತು. ಪರದೆಯ ಮೇಲೆ ಅತ್ತಿಗೆಯ ಅಂಕಿಅಂಶದ ಚುಕ್ಕೆಗಳೂ ಹಾಗೇ ತೇಲಿದವು.

"ಅರ್ಥ ಆಯ್ತೇನೆ?"

"ಇಲ್ಲ ಅತ್ತಿಗೆ, ಚುಕ್ಕೆಗಳ ನಡುವೆ ಆ ಗೆರೆ ಎಳೆದ್ರಲ್ಲ, ಅಲ್ಲಿಂದ ಏನೂ ಆಗ್ಲಿಲ್ಲ."

ಅತ್ತಿಗೆ ನನ್ನ ಮಾತನ್ನೇ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಎಲ್ಲರೂ ಮೇಜು ಕುಟ್ಟಿದರು. ಪಿಯುಸಿಯಲ್ಲಿ ನಮ್ಮ ಮೇಷ್ಟ್ರುಗಳು ಹೀಗೆ ಕುಟ್ಟಿಯೇ ನನ್ನನ್ನು ಹೊರಗೆ ಅಟ್ಟುತ್ತಿದ್ದರು. ಚೀಲ ಹೆಗಲಿಗೇರಿಸಿ ಬಾಗಿಲಿಗೆ ಹೋದೆ.

"ಅಯ್ಯೋ ಹುಚ್ಚಿ, ಇವರ ಚಪ್ಪಾಳೆ ಕಣೆ ಅದು! ಬಾ, ನಿಂಗೆ ಎಲ್ಲಿ ಎಳೆ ತಪ್ತು ತೋರ್ಸು."

ತೋರಿಸಿದೆ. ಎಲ್ಲರೂ ಬರೆದುಕೊಂಡರು.

ನೆಗಡಿಯಿದೆ, ಜ್ವರವಿಲ್ಲ. ಕಾಲೇಜಿಗೆ ಮರಳುತ್ತೇನೆಂದು ಮಾತು ಕೊಡಲಾರೆ. ನಾಳೆಯ ಪಾಠಕ್ಕೆ ಮಾತ್ರ ಕರೆಯದಿದ್ದರೂ ಹೋಗುತ್ತೇನೆ.

ಪೃಥ್ವಿ