ಪಾಳುಗುಡಿಯ ಬಾಡಿಗೆದಾರರು

ಲ್ಯಾವಿಂಗ್ಟನ್, ನೈರೋಬಿ

ಪ್ರೀತಿಯ ಅತ್ತೆಯವರಿಗೆ ಶ್ರೀರಂಜನಿಯ ನಮಸ್ಕಾರಗಳು.

ಫೋನಿನಲ್ಲಾದರೆ ನೀವು ನಡುವೆ ಬಯ್ಯುತ್ತೀರಿ, ಅದಕ್ಕೇ ಈ ಪತ್ರ. ಕಳೆದ ವಾರ ವಿಡಿಯೊ ಕರೆಯಲ್ಲಿ ನನ್ನ ಹಿಂದಿನ ಗೋಡೆ ನೋಡಿ, "ಬಸುರಿ ಹೆಂಗಸು ಪಾಳುಬಿದ್ದ ಗುಡಿ ನೋಡ್ಕೊಂಡು ಕೂರ್ತಾರೇನೆ? ಮೊದಲು ತೆಗಿ" ಎಂದಿರಿ. ಅವತ್ತೇ ತೆಗೆದೆ. ಆದರೆ ಅದು ಇಲ್ಲಿನ ಕರೆನ್ ಬಡಾವಣೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ನಾನು ಆಸೆಪಟ್ಟು ಕೊಂಡ ಚಿತ್ರ. ಮುನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದು. ಮುರಿದ ರೋಮನ್ ಕಂಬಗಳು, ಕಮಾನಿನ ಮೇಲೆ ಬೆಳೆದ ಮರ, ಹಿಂದೆ ಬೆಟ್ಟ, ಹೊಳೆ.

ನಿನ್ನೆ ಅದನ್ನು ಕಟ್ಟಿಡುವ ಮುಂಚೆ ಗಾಜು ಒರೆಸುತ್ತಿದ್ದ ನಿಮ್ಮ ಮಗ ಅಮೋಘ್ ಜೋರಾಗಿ ನಕ್ಕರು. "ರಂಜು, ಇದು ಪಾಳುಗುಡಿ ಅಲ್ವೇ ಅಲ್ಲ ಕಣೇ. ಒಳಗೆ ಯಾರೋ ಬಾಡಿಗೆಗಿದ್ದಾರೆ, ನಮ್ಮ ಥರಾನೇ!"

ಭೂತಗನ್ನಡಿ ಹಿಡಿದು ನೋಡಿದೆ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಕಮಾನಿನ ಸಂದಿಯಿಂದ ಒಲೆಯ ಹೊಗೆ ಏಳುತ್ತಿದೆ. ಹಗ್ಗದ ತುದಿಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾಗಿ, ಒಂದು ಮಗುವಿನ ಅಂಗಿಯೂ ಇದೆ.

ಮಗುವಿನ ಬಟ್ಟೆ ಒಣಗುವ ಮನೆ ಪಾಳು ಹೇಗಾಗುತ್ತದೆ, ಅತ್ತೆ?

ಸೀಮಂತಕ್ಕೆ ಬರುವಾಗ ನಿಮ್ಮ ಹಳೆಯ ಕಾಟನ್ ಸೀರೆಗಳ ಜೊತೆ ಓದುವ ಕನ್ನಡಕವನ್ನೂ ಮರೆಯದೆ ತನ್ನಿ. ನೀವೇ ನೋಡಿ ಹೇಳುವವರೆಗೆ ಚಿತ್ರ ಬೀರುವಿನಲ್ಲಿರುತ್ತದೆ. ಗೋಡೆಯ ಮೊಳೆಯನ್ನು ಮಾತ್ರ ಕಿತ್ತಿಲ್ಲ.

ನಿಮ್ಮ ಸೊಸೆ,
ಶ್ರೀರಂಜನಿ