ಗೇಟಿಗೆ ಕಟ್ಟಿದ ಜೋಕಾಲಿ

೨೯ ಜುಲೈ, ಮಂಗಳವಾರ. ಪಂಚಮಿ.

ಕೆರೆದಂಡೆಯ ಮರಗಳಿಗೆ ಜೋಕಾಲಿ ಕಟ್ಟಬಾರದಂತೆ. ಅರಣ್ಯ ಇಲಾಖೆಯ ಹೊಸ ಫಲಕ. ಯಾರ ತಂಟೆಗೆ ಹೋಗಿತ್ತು ಜೋಕಾಲಿ? ತಾಂಡೂರಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮತ್ತೆ ಪ್ರತಿ ಪಂಚಮಿಗೂ ಆ ದಂಡೆಯ ಬೇವಿನ ಮರದಲ್ಲೇ ಜೀಕಿದವರು.

ಇವತ್ತೂ ಹಗ್ಗ ಹೆಗಲಿಗೇರಿಸಿ ಹೋದರು, ಹಿಂದೆ ನಾನು. ಮೊದಲು ಕಾವಲುಗಾರ ದೇವಿದಾಸನ ಕೈಗೆ ಶೇಂಗಾ ಉಂಡಿ ಇಟ್ಟರು.

"ಗಿಡಕ್ಕ ಬ್ಯಾಡಂದ್ರ ಬ್ಯಾಡಪ್ಪಾ. ನಿಮ್ಮ ಗೇಟಿಗಿ ಕಟ್ಟಲೇನು?"

"ಗೇಟಿಂದು ಬೋರ್ಡಿನಾಗ ಏನೂ ಬರ್ದಿಲ್ಲರಿ ಅಜ್ಜಿ."

ಇಲಾಖೆಯ ಗೇಟಿನ ಕಬ್ಬಿಣದ ಕಮಾನಿಗೆ ಅವನೇ ಹಗ್ಗ ಬಿಗಿದ, ಅವನೇ ತೂಗಿದ. ಗೆದ್ದೆವು ಅಂದುಕೊಂಡು ನಾನು ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕೆ.

ಈಗ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ, ಹೇಗಿತ್ತು ಎಂದು ಕೇಳಿದೆ.

"ಚಲೋ ಆತು," ಅಂದರು. ಇನ್ನೊಂದು ಕಾಲನ್ನೂ ನನ್ನತ್ತ ಚಾಚಿ, "ಬೇವಿಗಿ ಕಟ್ಟಿದ್ರ ಕಾಲು ನೀರಿನ ಮ್ಯಾಲ ಹೋಗ್ತಿದ್ವು."